ನಿಂಗ್ಬೋ ದರ, ತುಮಕೂರು ದರ

ಪ್ರಶ್ನೆ: ತುಮಕೂರು ಸಮೀಪದ ಪಂಪ್ ತಯಾರಿಕಾ ಕಂಪನಿಯೊಂದರಲ್ಲಿ ನಾನು ಖರೀದಿ ಅಧಿಕಾರಿ. ಪಂಪಿನೊಳಗೆ ಸೋರಿಕೆ ತಡೆಯುವ ಮೆಕ್ಯಾನಿಕಲ್ ಸೀಲ್‌ಗಳನ್ನು ಇದುವರೆಗೆ ಕೊಯಮತ್ತೂರಿನಿಂದ ತರಿಸುತ್ತಿದ್ದೆವು. ಈಗ ಚೀನಾದ ನಿಂಗ್ಬೋ ನಗರದ ಸರಬರಾಜುದಾರರೊಬ್ಬರು, ಚೆನ್ನೈ ಬಂದರಿನವರೆಗಿನ ಸಾಗಣೆ ಮತ್ತು ವಿಮೆ ಸೇರಿದ ಸಿಐಎಫ್ ದರವನ್ನೇ ಕೊಯಮತ್ತೂರಿನ ದರಕ್ಕಿಂತ ಶೇ 18ರಷ್ಟು ಕಡಿಮೆ ಮಾಡಿ ಕಳುಹಿಸಿದ್ದಾರೆ. ಎಲ್‌ಸಿ (ದಾಖಲೆಗಳು ಸರಿಯಿದ್ದರೆ ಹಣ ಕೊಡುವುದಾಗಿ ಬ್ಯಾಂಕು ನೀಡುವ ಭರವಸೆ ಪತ್ರ) ಮೂಲಕ ಹಣ ಪಾವತಿಸಿದರೆ ಭಯವಿಲ್ಲವೆಂದು ನಮ್ಮ ಮೇಲಧಿಕಾರಿಗಳು ಹೇಳುತ್ತಾರೆ. ನಾನು ಏನನ್ನು ಗಮನಿಸಬೇಕು?
– ಹೆಸರು ಬೇಡ, ತುಮಕೂರು

ಉತ್ತರ: ಎರಡೂ ಕಡೆಯ ಸರಕು ನಿಮ್ಮ ಸ್ಟೋರ್ಸ್ ಬಾಗಿಲಿಗೆ ಬಂದು ಇಳಿಯುವಷ್ಟರಲ್ಲಿ ತಗಲುವ ಒಟ್ಟು ವೆಚ್ಚವನ್ನು ಮೊದಲು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಆಮದು ಸರಕಿನ ಸಿಐಎಫ್ ಮೌಲ್ಯದ ಮೇಲೆ ಮೂಲ ಸೀಮಾ ಸುಂಕ, ಆ ಸುಂಕದ ಮೇಲೆ ಸಾಮಾನ್ಯವಾಗಿ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್, ಇವೆಲ್ಲ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ (ಆಮದಿಗೂ ಅನ್ವಯಿಸುವ ಜಿಎಸ್‌ಟಿ) ಬೀಳುತ್ತವೆ. ಐಜಿಎಸ್‌ಟಿಯು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಮುಂದೆ ಕಟ್ಟುವ ತೆರಿಗೆಯಲ್ಲಿ ವಜಾ ಆಗಿ, ದಕ್ಕುವುದರಿಂದ ಅದನ್ನು ವೆಚ್ಚವೆಂದು ಲೆಕ್ಕ ಹಿಡಿಯಬೇಕಿಲ್ಲವಾದರೂ, ಅಲ್ಲಿಯವರೆಗೆ ಆ ಹಣ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ಅಕೌಂಟ್ಸ್ ವಿಭಾಗಕ್ಕೆ ಮೊದಲೇ ತಿಳಿಸಿರಿ. ಕ್ಲಿಯರಿಂಗ್ ಏಜೆಂಟರ ಶುಲ್ಕ, ಚೆನ್ನೈನಿಂದ ಲಾರಿ ಬಾಡಿಗೆ, ಕಡತ ತಡವಾದರೆ ಡೆಮರೇಜ್ (ಸರಕು ಬಂದರಿನಲ್ಲೇ ಉಳಿದದ್ದಕ್ಕೆ ತೆರುವ ಶುಲ್ಕ), ಇವೂ ಅದೇ ಹಾಳೆಗೆ ಸೇರಬೇಕು.

ಸಿಐಎಫ್ ದರದ ವಿಷಯದಲ್ಲಿ ಹೊಸಬರು ತಪ್ಪು ತಿಳಿಯುವುದು ಹೆಚ್ಚು. ಸಾಗಣೆಯ ಬಾಡಿಗೆಯನ್ನು ಚೆನ್ನೈವರೆಗೆ ಸರಬರಾಜುದಾರರೇ ಕೊಟ್ಟರೂ, ಸರಕು ನಿಂಗ್ಬೋದಲ್ಲಿ ಹಡಗನ್ನೇರಿದ ಕ್ಷಣದಿಂದ ನಷ್ಟದ ಹೊಣೆ ನಿಮ್ಮದೇ ಆಗಿರುತ್ತದೆ. ಅಂತರರಾಷ್ಟ್ರೀಯ ವ್ಯಾಪಾರದ ಷರತ್ತುಗಳಾದ ಇನ್‌ಕೋಟರ್ಮ್ಸ್ 2020ರ ಪ್ರಕಾರ ಸಿಐಎಫ್‌ನಲ್ಲಿ ಅವರು ಮಾಡಿಸಬೇಕಾದ ವಿಮೆಯೂ ಕನಿಷ್ಠ ಮಟ್ಟದ್ದು. ಪೆಟ್ಟಿಗೆಯೊಳಗೆ ನೀರು ನುಗ್ಗಿ ಸೀಲ್‌ಗಳು ಕೆಟ್ಟರೆ ಪರಿಹಾರ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಇನ್ನೊಂದು ಮಾತು: ಬಾಡಿಗೆಯನ್ನು ಅಗ್ಗವಾಗಿ ತೋರಿಸಿ, ಚೆನ್ನೈನಲ್ಲಿ ಸರಕು ಬಿಡಿಸಿಕೊಳ್ಳಲು ಬೇಕಾದ ಡೆಲಿವರಿ ಆರ್ಡರ್ ಕೊಡುವಾಗ ಬಗೆಬಗೆಯ ಹೆಸರಿನಲ್ಲಿ ಅದನ್ನು ನಿಮ್ಮಿಂದಲೇ ವಸೂಲು ಮಾಡುವ ಏಜೆಂಟರಿದ್ದಾರೆ. ಆದ್ದರಿಂದ ಎಫ್‌ಒಬಿ ದರ (ಹಡಗಿಗೇರಿಸುವವರೆಗಿನ ವೆಚ್ಚ ಮಾತ್ರ ಸೇರಿದ್ದು) ಕೇಳಿ, ಕಂಟೇನರ್ ಸರಕಾದರೆ ಎಫ್‌ಸಿಎ (ನೀವು ಗೊತ್ತುಮಾಡಿದ ಸಾಗಣೆದಾರರಿಗೆ ಒಪ್ಪಿಸುವವರೆಗಿನ ದರ) ಕೇಳುವುದು ಇನ್ನೂ ಸೂಕ್ತ. ಸಾಗಣೆ ಏರ್ಪಡಿಸುವ ಫಾರ್ವರ್ಡರ್‌ನನ್ನು ನೀವೇ ಗೊತ್ತುಮಾಡಿ, ವಿಮೆಯನ್ನೂ ನೀವೇ ಮಾಡಿಸಿರಿ.

ಎಲ್‌ಸಿ ಕುರಿತ ಮೇಲಧಿಕಾರಿಗಳ ಮಾತು ಅರ್ಧ ನಿಜ. ಎಲ್‌ಸಿಗಳ ಕುರಿತು 2007ರಿಂದ ಜಾರಿಯಲ್ಲಿರುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಗಳಂತೆ ಬ್ಯಾಂಕುಗಳು ವ್ಯವಹರಿಸುವುದು ದಾಖಲೆಗಳೊಂದಿಗೆ ಮಾತ್ರ. ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕಿನ ರಸೀದಿ) ಮುಂತಾದವು ಎಲ್‌ಸಿಯ ಷರತ್ತಿಗೆ ಸರಿಹೊಂದಿದರೆ, ಪೆಟ್ಟಿಗೆಯಲ್ಲಿರುವುದು ಬೇರೆ ಅಳತೆಯ ಸೀಲ್ ಆಗಿದ್ದರೂ ಬ್ಯಾಂಕು ಹಣ ಕೊಟ್ಟೇ ಕೊಡುತ್ತದೆ. ನೀವು ಒಪ್ಪಿದ ಸ್ವತಂತ್ರ ತಪಾಸಣಾ ಸಂಸ್ಥೆಯು ಹಡಗಿಗೇರಿಸುವ ಮೊದಲೇ ಸರಕನ್ನು ಪರೀಕ್ಷಿಸಿ ನೀಡುವ ಪ್ರಮಾಣಪತ್ರವನ್ನು, ಯಾವ ಡ್ರಾಯಿಂಗ್, ಯಾವ ಪರಿಷ್ಕರಣೆ, ಎಷ್ಟು ಮಾದರಿ ಎಂಬ ವಿವರಗಳೊಂದಿಗೆ, ಎಲ್‌ಸಿಯ ಕಡ್ಡಾಯ ದಾಖಲೆಗಳಲ್ಲಿ ಸೇರಿಸಿ.

ಜನವರಿ–ಫೆಬ್ರವರಿಯಲ್ಲಿ ಬರುವ ಚೀನೀ ಹೊಸ ವರ್ಷಕ್ಕೆ ಅಲ್ಲಿನ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುವುದುಂಟು. ಆ ಅವಧಿಗೆ ದಾಸ್ತಾನು ಇರಿಸಿಕೊಳ್ಳುವ ವೆಚ್ಚವನ್ನೂ ಕೂಡಿಸಿ. ಇಷ್ಟಾದ ಮೇಲೂ ಲಾಭ ಉಳಿದರೆ ಒಂದು ಚಿಕ್ಕ ಆರ್ಡರ್ ಕೊಟ್ಟು ನೋಡಿ, ಆದರೆ ಕೊಯಮತ್ತೂರಿನವರ ಆರ್ಡರನ್ನು ಪೂರ್ತಿ ನಿಲ್ಲಿಸಬೇಡಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಹಳೆಯ ತೈವಾನ್ ಸರಬರಾಜುದಾರರು ಬ್ಯಾಂಕ್ ಖಾತೆ ಬದಲಾಗಿದೆಯೆಂದು ಇಮೇಲ್ ಕಳುಹಿಸಿದ್ದಾರೆ. ಹೊಸ ಖಾತೆಗೆ ಹಣ ಕಳುಹಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಬೇಡ. ವಂಚಕರು ನಡುವೆ ನುಗ್ಗಿ, ಒಂದೇ ಅಕ್ಷರ ಬದಲಾದ ವಿಳಾಸದಿಂದ ಇಂತಹ ಪತ್ರ ಬರೆಯುವುದು ಹೊಸದೇನಲ್ಲ. ಆ ಇಮೇಲ್‌ಗೆ ಉತ್ತರಿಸದೆ, ಅದರಲ್ಲಿರುವ ಸಂಖ್ಯೆಗೂ ಕರೆ ಮಾಡದೆ, ನಿಮ್ಮ ಹಳೆಯ ಕಡತದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ, ಪರಿಚಿತರೊಂದಿಗೇ ಮಾತನಾಡಿ ಖಚಿತಪಡಿಸಿಕೊಳ್ಳಿ. ಈಗಾಗಲೇ ಹಣ ಹೋಗಿದ್ದರೆ, ಗಂಟೆಯನ್ನೂ ಕಳೆಯದೆ ನಿಮ್ಮ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ 1930 ಸಹಾಯವಾಣಿಗೆ ದೂರು ಕೊಡಿ.