ದೊಡ್ಡ ಕಂಪನಿಯ ಪರ್ಚೇಸ್ ಮ್ಯಾನೇಜರ್ ಮುಂದೆ ಕೂತಾಗ ರೇಟು ಉಳಿಸಿಕೊಳ್ಳುವುದು ಹೇಗೆ?

ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುತ್ತೀರಿ, ಪ್ರತಿ ವರ್ಷ ಕರೆದು ರೇಟು ಇಳಿಸಿ ಅಂತಾರೆ, ಪ್ರತಿ ವರ್ಷ ಇಳಿಸಿ ಎದ್ದು ಬರುತ್ತೀರಿ. ಎದುರಿನವರ ಮನಸ್ಸು ತಿಳಿಯುವ ಉಪಾಯ, ಒಂದು ಗಟ್ಟಿ ಹೆಜ್ಜೆ ಇದ್ದರೆ ಹೇಳಿ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಪೀಣ್ಯದಲ್ಲಿ ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್ ಇಟ್ಟುಕೊಂಡು ಪಿನ್, ಬುಷ್ ಮಾಡಿಕೊಡುವವನು. ನಿಮ್ಮ ಕುರ್ಚಿಯಲ್ಲೇ ಬಹಳ ವರ್ಷ ಕೂತಿದ್ದೇನೆ.

ಮೊದಲು ನಾನು ಸೋತ ದಿನದ ಕಥೆ ಹೇಳುತ್ತೇನೆ. ಒಂದು ಪಿನ್ನಿಗೆ ₹42 ಇತ್ತು, ತಿಂಗಳಿಗೆ 20,000 ಪೀಸು. ಎದುರಿದ್ದವರು ಮೂರು ಕೊಟೇಶನ್ ಹಾಳೆಗಳನ್ನು ಮೇಜಿನ ಮೇಲೆ ಬೋರಲು ಹಾಕಿ, "36ಕ್ಕೆ ಕೊಡೋರಿದ್ದಾರೆ ಸಾರ್, ನೀವು ಹಳಬರು ಅಂತ ಕರೆದೆ" ಅಂದರು. ಆಮೇಲೆ ಸುಮ್ಮನಾಗಿಬಿಟ್ಟರು. ಎಸಿ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಆ ಮೌನ ತಡೆಯಲಾರದೆ ನಾನೇ "40 ಮಾಡ್ಕೊಳ್ಳಿ" ಅಂದೆ. ಅವರು ಪೆನ್ನಿನ ಕ್ಯಾಪು ತೆಗೆದು ಹಾಕುತ್ತಾ ಕೂತರು. "ಆಯ್ತು, 38" ಅಂದೆ. ಅವರು ಬಾಯಿ ಬಿಡದೆಯೇ ನಾನು ನಾಲ್ಕು ರೂಪಾಯಿ ಇಳಿದಿದ್ದೆ. ಆ ಹಾಳೆಗಳಲ್ಲಿ ಏನಿದೆ ತೋರಿಸಿ ಅಂತ ಕೇಳಲೂ ನನಗೆ ಹೊಳೆಯಲಿಲ್ಲ.

ಅವತ್ತು ನನ್ನನ್ನು ಕಟ್ಟಿಹಾಕಿದ್ದು ಆ 36 ಅನ್ನೋ ಅಂಕಿ. ಟ್ವೆರ್‌ಸ್ಕಿ ಮತ್ತು ಕಾನ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು 1974ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಜನರ ಮುಂದೆ ಒಂದು ಚಕ್ರ ತಿರುಗಿಸಿದರು. ಅದು 10ಕ್ಕೋ 65ಕ್ಕೋ ಮಾತ್ರ ನಿಲ್ಲುವಂತೆ ಮೊದಲೇ ಹೊಂದಿಸಿದ್ದರು. ನಂತರ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದರು. 10 ಕಂಡವರ ಅಂದಾಜಿನ ನಡುಮೌಲ್ಯ 25, 65 ಕಂಡವರದು 45. ಪ್ರಶ್ನೆಗೂ ಚಕ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ನನಗೂ ಹಾಗೇ ಆಯಿತು, 36 ಕಿವಿಗೆ ಬಿದ್ದ ಮೇಲೆ 38 ಅನ್ನುವುದು ಗೆದ್ದ ಹಾಗೇ ಅನ್ನಿಸಿತ್ತು.

ಚಿಕ್ಕವನಿದ್ದಾಗ ಅಪ್ಪ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ದಲ್ಲಾಳಿ ಟವೆಲ್ಲಿನೊಳಗೆ ಕೈ ಹಾಕಿ, ಬೆರಳು ಹಿಡಿದು ದರ ಹೇಳುತ್ತಿದ್ದ. ಪಕ್ಕದ ಜೋಡಿ ಎತ್ತು ಎಷ್ಟಕ್ಕೆ ಹೋಯಿತು ಅಂತ ಯಾರಿಗೂ ತಿಳಿಯದು. ಪರ್ಚೇಸ್ ಆಫೀಸಿನ ಬೋರಲು ಹಾಳೆಗಳೂ ಅದೇ ಟವೆಲ್ಲು, ಆದರೆ ಅದರೊಳಗೆ ಕೈ ಇರುವುದು ಅವರೊಬ್ಬರದೇ.

ಮನೆಗೆ ಬಂದು ಅವತ್ತು ರಾತ್ರಿ ಮೊದಲ ಸಲ ಸರಿಯಾಗಿ ಲೆಕ್ಕ ಬರೆದೆ. ಸ್ಟೀಲು ₹19.50. ಒಂದು ಪೀಸಿಗೆ ಮಷೀನಿನಲ್ಲಿ ಎರಡು ನಿಮಿಷ, ಗಂಟೆಗೆ ₹330ರಂತೆ ₹11. ಇನ್ಸರ್ಟು (ಲೋಹ ಕೊರೆಯುವ ಅಲಗು), ಕೂಲಂಟು (ತಂಪಿಡುವ ದ್ರವ) ₹3. ಪ್ಲೇಟಿಂಗ್ ₹2.50. ರಿಜೆಕ್ಷನ್, ಸಾಗಾಟ ₹1.50. ಒಟ್ಟು ₹37.50. ಪೀಸಿಗೆ ಐವತ್ತು ಪೈಸೆ ಉಳೀತಲ್ಲ ಅಂತ ನಿಟ್ಟುಸಿರು ಬಿಡುವಷ್ಟರಲ್ಲಿ ಪೇಮೆಂಟು 90 ದಿನಕ್ಕೆ ಅನ್ನುವುದು ನೆನಪಾಯಿತು. ಶೇ 12ರ ಬಡ್ಡಿ ಹಾಕಿದರೆ ₹1.12. ಪ್ರತಿ ಪಿನ್ನಿಗೆ 62 ಪೈಸೆ, ತಿಂಗಳಿಗೆ ₹12,400 ನಾನೇ ಅವರಿಗೆ ಕೊಟ್ಟು ಕೆಲಸ ಮಾಡುತ್ತಿದ್ದೆ. ಒಂದು ವರ್ಷ ಹಾಗೇ ಮಾಡಿದೆ.

ಗಟ್ಟಿ ಹೆಜ್ಜೆ ಅಂದಿರಲ್ಲ, ಅದಕ್ಕೆ ನಾನು ಹಿಡಿದುಕೊಂಡ ಉದಾಹರಣೆ ಇನ್ಫೋಸಿಸ್‌ನದು. ನಾರಾಯಣ ಮೂರ್ತಿಯವರೇ ಒಂದು ಭಾಷಣದಲ್ಲಿ ಹೇಳಿಕೊಂಡಿದ್ದಾರೆ. 1995ರಲ್ಲಿ ಅಮೆರಿಕದ ಒಂದು ದೈತ್ಯ ಕಂಪನಿ ತನ್ನ ಸಾಫ್ಟ್‌ವೇರ್ ವೆಂಡರ್‌ಗಳನ್ನೆಲ್ಲ ಬೆಂಗಳೂರಿನ ಹೋಟೆಲಿನಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ದರ ಹಿಂಡುತ್ತಿತ್ತು, ಒಬ್ಬರಿಗೊಬ್ಬರು ಮಾತಾಡದಂತೆ. ಇನ್ಫೋಸಿಸ್‌ನ ಆದಾಯದ ಕಾಲು ಭಾಗ ಆ ಗಿರಾಕಿಯದೇ. ಶೇರು ಪೇಟೆಗೆ ಬಂದು ಎರಡು ವರ್ಷವಷ್ಟೇ ಆಗಿತ್ತು. ಆದರೂ ಮೂರ್ತಿಯವರು ವಿನಯವಾಗಿ ಆಗುವುದಿಲ್ಲ ಅಂದರು. ನೀವು ಹೇಳಿದ ವೆಂಡರ್‌ಗೆ ಕೆಲಸವನ್ನು ತೊಡಕಿಲ್ಲದೆ ವಹಿಸಿಕೊಡುತ್ತೇವೆ ಅಂತ ಮಾತೂ ಕೊಟ್ಟರು. ಆಮೇಲೆ ಒಬ್ಬನೇ ಗಿರಾಕಿಯ ಮೇಲೆ ಅಷ್ಟು ಭಾರ ಬೀಳದಂತೆ ಕಂಪನಿಯೊಳಗೆ ವ್ಯವಸ್ಥೆ ಮಾಡಿಕೊಂಡರು.

ನನಗೆ ಅಷ್ಟು ಎದೆಗಾರಿಕೆ ಇರಲಿಲ್ಲ, ಹಾಗಾಗಿ ಕ್ರಮ ತಿರುಗಿಸಿದೆ. ಮೊದಲು ಭಾರ ಇಳಿಸಿಕೊಂಡೆ. ನನ್ನ ಮಾರಾಟದ ಶೇ 60 ಆ ಕಂಪನಿಯದೇ ಇತ್ತು. ಎಂಟು ತಿಂಗಳು ಓಡಾಡಿ ಇಬ್ಬರು ಸಣ್ಣ ಗಿರಾಕಿಗಳನ್ನು ಹಿಡಿದು ಅದನ್ನು ಶೇ 40ರ ಸುತ್ತ ತಂದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದೆ. ನೀವೂ ಮಾಡಿಸಿಲ್ಲದಿದ್ದರೆ ಇವತ್ತೇ ಮಾಡಿಸಿ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯಂತೆ ಕಿರು, ಸಣ್ಣ ಉದ್ಯಮಗಳಿಗೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರಲ್ಲಿ ಆದಾಯ ತೆರಿಗೆಗೂ ಇದನ್ನು ಜೋಡಿಸಿದರು: ಕಿರು, ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ನಿಜವಾಗಿ ಕೊಟ್ಟ ವರ್ಷದಲ್ಲೇ ಖರ್ಚಾಗಿ ತೋರಿಸಬೇಕು. ದುಡ್ಡು ಸಮಯಕ್ಕೆ ಹೋಗುವುದು ಪರ್ಚೇಸಿನವರಿಗೆ ಬೇಡವಾದರೂ ಅವರ ಫೈನಾನ್ಸಿನವರಿಗೆ ಬೇಕು.

ಎರಡನೇ ಸಲ ಹೋದಾಗ ಮೊದಲ ಅಂಕಿ ನಾನೇ ಹೇಳಿದೆ, ₹43.50. ಸ್ಟೀಲಿನಿಂದ ಬಡ್ಡಿಯವರೆಗೆ ಲೆಕ್ಕದ ಹಾಳೆಯನ್ನು ನೆಟ್ಟಗೆ ಮುಂದಿಟ್ಟೆ. ₹40.50ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಪೇಮೆಂಟು 45 ದಿನಕ್ಕಿಂತ ಆಚೆ ಒಪ್ಪುವುದಿಲ್ಲ ಅಂತ ಮನೆಯಲ್ಲೇ ಬರೆದುಕೊಂಡಿದ್ದೆ. ಅವರು ಮತ್ತೆ ಸುಮ್ಮನಾದರು. ಈ ಸಲ ನಾನು ನೀರಿನ ಲೋಟ ಕೈಗೆತ್ತಿಕೊಂಡು ನಿಧಾನವಾಗಿ ಕುಡಿದೆ. ಕೈ ನಡುಗುತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಕೊನೆಗೆ ಅವರೇ "38.50, ಅದಕ್ಕಿಂತ ಆಗಲ್ಲ" ಅಂದರು. "ಹಾಗಾದರೆ ನನ್ನ ಕೈಲಾಗಲ್ಲ ಸಾರ್. ಎರಡು ತಿಂಗಳು ಹಳೇ ರೇಟಿಗೇ ಮಾಲು ಕೊಡ್ತೀನಿ, ಲೈನ್ ನಿಲ್ಲೋಕೆ ಬಿಡಲ್ಲ. ಪೀಸು ಹಿಡಿಯೋ ಫಿಕ್ಸ್ಚರು, ಅಳೆಯೋ ಗೇಜು ನೀವು ಹೇಳಿದ ಕಡೆ ನಾನೇ ಮುಟ್ಟಿಸ್ತೀನಿ" ಅಂದು ಎದ್ದೆ.

ಇದು ನಾಟಕ ಆಗಿರಲಿಲ್ಲ. ಹೋಗುವ ಮನಸ್ಸಿಲ್ಲದೆ ಎದ್ದು ನಿಲ್ಲಬೇಡಿ, ಇಲ್ಲದ ಆರ್ಡರ್ ಇದೆ ಅನ್ನಬೇಡಿ. ಪೀಣ್ಯದಲ್ಲಿ ಒಬ್ಬರ ಶೆಡ್ಡಿನಲ್ಲಿ ಏನು ಓಡುತ್ತಿದೆ ಅಂತ ಸಂಜೆಯೊಳಗೆ ಟೀ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಮೂರು ವಾರದ ಮೇಲೆ ಫೋನು ಬಂತು. ₹41, 45 ದಿನ. ಆದರೆ 12,000 ಪೀಸು ಮಾತ್ರ, ಉಳಿದ 8,000 ಬೇರೆಯವರಿಗೆ ಹೋಯಿತು. ಬಡ್ಡಿ ಕಳೆದು ಪೀಸಿಗೆ ₹2.89 ಉಳಿಯುತ್ತಿತ್ತು, ತಿಂಗಳಿಗೆ ₹34,680. ಬಿಡುವಾದ ಲೇತಿನಲ್ಲಿ ಹೊಸ ಗಿರಾಕಿಯ ಪಂಪ್ ಶಾಫ್ಟ್ ಹಾಕಿದೆ.

ನಿಮ್ಮ ಮೀಟಿಂಗ್ ಬರುವ ವಾರ ಅಂದಿದ್ದೀರಿ. ಪೀಸಿನ ಲೆಕ್ಕ ಇನ್ನೂ ಬರೆದಿಲ್ಲವಾದರೆ ಏನಾದರೂ ಮಾಡಿ ಹತ್ತು ದಿನ ಮುಂದಕ್ಕೆ ಹಾಕಿಸಿಕೊಳ್ಳಿ. ಲೆಕ್ಕದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ಕೂತು ನೋಡೋಣ.