ಸಂಪಾದಕರ ಉತ್ತರ: ರಿಪೋರ್ಟ್ ನಾರ್ಮಲ್ ಇದ್ದರೂ ಹೊಟ್ಟೆ ಯಾಕೆ ನೋಯುತ್ತದೆ?

ಸೇಡಂ ತಾಲ್ಲೂಕಿನ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಹೀಗೆ ಬರೆದಿದ್ದಾರೆ:

"ನನಗ 34 ವರ್ಷ. ಹೋದ ವರ್ಷ ತೊಗರಿಗಿ ನೆಟೆ ರೋಗ ಬಿದ್ದು ಬೆಳಿ ಹೋಯ್ತು. ಬ್ಯಾಂಕಿನ ನೋಟಿಸ್ ಬಂದಾಗಿಂದ ನನಗ ಹೊಟ್ಟಿ ತ್ರಾಸ. ಉಂಡ ಕೂಡ್ಲೆ ಉಬ್ಬತದ, ಮುರಿತದ. ಮುಂಜಾನಿ ಮೂರ್ನಾಕ ಸಲ ಹೊರಗ ಹೋಗಬೇಕಾಗ್ತದ. ಕಲಬುರಗಿಗಿ ಹೋಗಿ ಸ್ಕೋಪಿ, ರಕ್ತ, ಸ್ಕ್ಯಾನಿಂಗ್ ಎಲ್ಲಾ ಮಾಡಿಸಿದ್ವಿ. ಏನೂ ಇಲ್ಲ, ಟೆನ್ಷನ್ ಕಡಿಮಿ ಮಾಡ್ರಿ ಅಂದ್ರು. ಈಗ ಅತ್ತಿ, ಕೆಲಸ ತಪ್ಪಿಸಲಾಕ ನಾಟಕ ಮಾಡ್ತಾಳ ಅಂತಾರ. ಏನೂ ಇಲ್ಲಂದ್ರ ಮತ್ತ ಯಾಕ ನೋಯ್ತದ್ರಿ?"

ಅಕ್ಕಾ, ಮೊದಲ ಮಾತು ನಿಮ್ಮ ಅತ್ತೆಯವರಿಗೇ ಹೇಳುತ್ತೇನೆ. ಅಮ್ಮಾ, ಇದು ನಾಟಕ ಅಲ್ಲ. ಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಯಲ್ಲಿ, ಏನೂ ಕಾಣಲಿಲ್ಲ ಅಂದರೆ ಹುಣ್ಣಿಲ್ಲ, ಗಡ್ಡೆ ಇಲ್ಲ ಅಂತ. ನೋವೇ ಇಲ್ಲ ಅಂತಲ್ಲ. ಆ ಕ್ಯಾಮೆರಾಗೆ ಕಾಣುವುದು ಒಳಪದರ ಮಾತ್ರ. ಕರುಳು ಎಷ್ಟು ಬಿಗಿಯಾಗಿ ಹಿಂಡುತ್ತಿದೆ, ಅದರ ನರಗಳು ಎಷ್ಟು ಸೂಕ್ಷ್ಮವಾಗಿವೆ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ನಮ್ಮ ಅನ್ನನಾಳ, ಜಠರ, ಕರುಳಿನ ಗೋಡೆಯೊಳಗೇ 10 ಕೋಟಿಗೂ ಜಾಸ್ತಿ ನರಕೋಶಗಳಿವೆ. ಇವು ಮಿದುಳಿನ ಜೊತೆ ಸದಾ ಮಾತಾಡುತ್ತಿರುತ್ತವೆ. ಆ ಮಾತು ಬಹುಪಾಲು ಸಾಗುವುದು ವೇಗಸ್ ಎಂಬ ನರದ ಮೂಲಕ. ಅದರ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಒಳಗಿನ ಅಂಗಗಳ ಸುದ್ದಿಯನ್ನು ಮಿದುಳಿಗೆ ಒಯ್ಯುವಂಥವು. ಹಾಗಾಗಿ ಚಿಂತೆಯಿಂದ ಹೊಟ್ಟೆ ಕೆಡುತ್ತದೆ, ಕೆಟ್ಟ ಹೊಟ್ಟೆಯಿಂದ ಚಿಂತೆ ಇನ್ನೂ ಜಾಸ್ತಿಯಾಗುತ್ತದೆ. ನೀವು ಸಿಕ್ಕಿಕೊಂಡಿರುವುದು ಈ ಸುತ್ತಿನಲ್ಲೇ.

ಬ್ಯಾಂಕಿನ ನೋಟಿಸ್ ಕೈಗೆ ಬಂದಾಗ ದೇಹಕ್ಕೆ ಅದು ಹೊಲದ ಬದುವಿನಲ್ಲಿ ಹಾವು ಕಂಡ ಹಾಗೇ. ಕೂಡಲೇ ಒತ್ತಡದ ಹಾರ್ಮೋನುಗಳು ಹೊರಡುತ್ತವೆ. ಜಠರ ತನ್ನ ಕೆಲಸ ನಿಧಾನ ಮಾಡುತ್ತದೆ. ಅದಕ್ಕೇ ಎರಡು ತುತ್ತಿಗೆ ಹೊಟ್ಟೆ ತುಂಬಿದ ಹಾಗೆ, ಉಬ್ಬಿದ ಹಾಗೆ ಆಗುವುದು. ದೊಡ್ಡ ಕರುಳು ಮಾತ್ರ ಇದಕ್ಕೆ ಉಲ್ಟಾ, ಅವಸರ ಮಾಡುತ್ತದೆ. ಮುಂಜಾನೆಯ ಓಡಾಟ ಅದರಿಂದ. ಹಾವಾದರೆ ಸರಿದು ಹೋಗುತ್ತಿತ್ತು. ಸಾಲ ತಿಂಗಳುಗಟ್ಟಲೆ ಮನೆಯಲ್ಲೇ ಕೂತಿರುತ್ತದೆ, ಅಲ್ವಾ?

ಇದನ್ನು ಒಬ್ಬ ಡಾಕ್ಟರು ಕಣ್ಣಾರೆ ನೋಡಿದ್ದಾರೆ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಗುಲಿತು. ಬದುಕಿಕೊಂಡ, ಆದರೆ ಜಠರದ ತೂತು ಮುಚ್ಚಲೇ ಇಲ್ಲ. ವಿಲಿಯಂ ಬೋಮಾಂಟ್ ಎಂಬ ಸೇನಾ ವೈದ್ಯರು ಆ ತೂತಿನಲ್ಲಿ ದಾರಕ್ಕೆ ಕಟ್ಟಿದ ಆಹಾರ ಇಳಿಬಿಟ್ಟು, ಹೊರಗೆಳೆದು ನೋಡಿ, ವರ್ಷಗಟ್ಟಲೆ ಬರೆದಿಟ್ಟರು. ಆತನಿಗೆ ಸಿಟ್ಟು ಬಂದಾಗ ಜೀರ್ಣಕ್ರಿಯೆ ಏರುಪೇರಾಗುವುದು ಅವರ ಕಣ್ಣಿಗೆ ಬಿತ್ತು. 1833ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ಬಡ ಯುವಕನನ್ನು ನಡೆಸಿಕೊಂಡ ರೀತಿ ಓದಿದರೆ ಸಂಕಟವಾಗುತ್ತದೆ. ಆದರೂ ಆತನ ಹೊಟ್ಟೆ ತೋರಿಸಿದ ಸತ್ಯ ಸಣ್ಣದಲ್ಲ.

ಇನ್ನೊಂದು ವಿಷಯ ನಿಮಗೆ ನೇರವಾಗಿ ಸಂಬಂಧಿಸಿದ್ದು. ಕರುಳಿನೊಳಗೆ ಸಣ್ಣ ಬಲೂನ್ ಇಟ್ಟು ಮೆಲ್ಲಗೆ ಊದುವ ಪರೀಕ್ಷೆ ಇದೆ. ಬೇರೆಯವರಿಗೆ ಏನೂ ಅನಿಸದಷ್ಟು ಊದಿದಾಗಲೇ ನಿಮ್ಮಂಥ ತೊಂದರೆ ಇರುವ ಅನೇಕರಿಗೆ ನೋವು ಶುರುವಾಗುತ್ತದೆ. ಅದೇ ಗಾಳಿ, ಅದೇ ಊಟ. ನಿಮ್ಮ ಅತ್ತೆಗೆ ಒಂದು ತೇಗು ಬಂದು ಮುಗಿಯುವುದು ನಿಮಗೆ ಗಂಟೆಗಟ್ಟಲೆ ಮುರಿಯುತ್ತದೆ. ಇಂಥ ತೊಂದರೆಗೆ ಡಾಕ್ಟರುಗಳು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಬೇಗ ಕೆರಳುವ ಕರುಳಿನ ತೊಂದರೆ) ಅನ್ನುತ್ತಾರೆ. ವಾರಕ್ಕೆ ಒಂದು ದಿನವಾದರೂ ನೋವು, ಅದೂ ಮೂರು ತಿಂಗಳಿಂದ, ಜೊತೆಗೆ ಮಲವಿಸರ್ಜನೆಯಲ್ಲಿ ಬದಲಾವಣೆ ಇದ್ದರೆ ಆ ಕಡೆ ಯೋಚಿಸುತ್ತಾರೆ. ನಿಮ್ಮದು ಅದೇನಾ ಅಂತ ಅವರೇ ಹೇಳಬೇಕು. ಮುಂದಿನ ಸಲ ಸುಮ್ನೆ "ಏನೂ ಇಲ್ಲ" ಕೇಳಿಕೊಂಡು ಬರಬೇಡಿ. "ಇದು ಐಬಿಎಸ್ ಆಗಿರಬಹುದಾ?" ಅಂತ ಬಾಯಿಬಿಟ್ಟು ಕೇಳಿ.

ಹಾಗಂತ ಎಲ್ಲವನ್ನೂ ಟೆನ್ಷನ್ ತಲೆಗೆ ಕಟ್ಟಬಾರದು. ಹೊಟ್ಟೆ ಹುಣ್ಣು ಚಿಂತೆಯಿಂದ ಬರುತ್ತದೆ ಎಂದು ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್, ಅದರ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆ ಎಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ನೋವಿನ ಗುಳಿಗೆ. ಕಳೆ ತೆಗೆದು ಬಂದ ದಿನ ಮೈಕೈ ನೋವಿಗೆ ಮೆಡಿಕಲ್‌ನಲ್ಲಿ ಕೇಳಿ ನುಂಗುವ ಗುಳಿಗೆ ಇದೆಯಲ್ಲ, ಅದರ ಬಗ್ಗೆ ಡಾಕ್ಟರಿಗೆ ತಪ್ಪದೆ ಹೇಳಿ. ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಮತ್ತೆ ತೋರಿಸಿ.

ಪತ್ರದ ಕೊನೆಗೆ ನೀವು, ಓಣಿಯವರ ಮಾತು ಕೇಳಿ ರೊಟ್ಟಿ ಬಿಟ್ಟಿದ್ದೇನೆ, ಚಹಾ ಬಿಸ್ಕೀಟಿನ ಮೇಲೇ ಇದ್ದೇನೆ ಎಂದು ಬರೆದಿದ್ದೀರಿ. ಬೇಡ ಅಕ್ಕಾ. ಖಾಲಿ ಹೊಟ್ಟೆಗೆ ಮೇಲಿಂದ ಮೇಲೆ ಚಹಾ ಬಿದ್ದರೆ ಕರುಳು ಇನ್ನೂ ಕೆರಳುತ್ತದೆ. ಜೋಳದ ರೊಟ್ಟಿ ಉಣ್ಣಿ. ಜೊತೆಗಿನ ಹಸಿ ಉಳ್ಳಾಗಡ್ಡಿ, ಕೆಂಪು ಖಾರ, ಮಿರ್ಚಿ ಭಜಿ ಸ್ವಲ್ಪ ದಿನ ಬಿಟ್ಟು ನೋಡಿ. ತೊಗರಿ ಬೇಳೆಯಿಂದ ಗ್ಯಾಸ್ ಆಗುವುದುಂಟು, ಕಡಿಮೆ ಮಾಡಿ ನೋಡಿ. ವ್ಯತ್ಯಾಸ ಕಾಣದಿದ್ದರೆ ಮತ್ತೆ ಶುರು ಮಾಡಿ, ಎಲ್ಲವನ್ನೂ ಬಿಟ್ಟು ಕೂರಬೇಡಿ. ಎಲ್ಲರ ಊಟ ಆದ ಮೇಲೆ, ಮೂರು ಗಂಟೆಗೆ, ಒಲೆ ಮುಂದೆ ಗಡಿಬಿಡಿಯಲ್ಲಿ ನಾಲ್ಕು ತುತ್ತು ಉಣ್ಣುವುದೂ ನಿಲ್ಲಬೇಕು. ಹೊತ್ತಿಗೆ ಸರಿಯಾಗಿ, ಕೂತು ಉಣ್ಣಿ. ಉಣ್ಣುವ ಮೊದಲು ಐದು ನಿಮಿಷ ಉಸಿರನ್ನು ನಿಧಾನ ಎಳೆದು, ಅದಕ್ಕಿಂತ ನಿಧಾನ ಬಿಡಿ. ವೇಗಸ್ ನರಕ್ಕೆ ಇದು ಒಗ್ಗುತ್ತದೆ.

ಡಾಕ್ಟರು ಅಮಿಟ್ರಿಪ್ಟಿಲಿನ್‌ನಂಥ ಗುಳಿಗೆ ಬರೆದುಕೊಟ್ಟರೆ, ಮೆಡಿಕಲ್‌ನವರು "ಇದು ಡಿಪ್ರೆಷನ್ ಗುಳಿಗೆ" ಅಂದರು ಅಂತ ಗಾಬರಿಯಾಗಬೇಡಿ. ಕಡಿಮೆ ಪ್ರಮಾಣದಲ್ಲಿ ಅದು ಕರುಳಿನ ನೋವಿನ ನರಗಳನ್ನು ಶಾಂತ ಮಾಡುತ್ತದೆ. 2023ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲೂ ಐಬಿಎಸ್ ಇದ್ದವರಿಗೆ ಇದರಿಂದ ಗುಣ ಕಂಡಿದೆ. ಅದನ್ನು ಬರೆದುಕೊಟ್ಟರೆ ನಿಮಗೆ ಹುಚ್ಚು ಅಂತಲ್ಲ.

ಇನ್ನು ನಿಮ್ಮ ಯಜಮಾನರಿಗೆ ಒಂದು ವಿನಂತಿ. ಅಣ್ಣಾ, ಸಾಲದ ಮಾತು ಆಡಲೇಬೇಕು, ಆದರೆ ತಾಟಿನ ಮುಂದೆ ಬೇಡ. ಅದಕ್ಕೆ ಬೇರೆ ಹೊತ್ತು ಇಟ್ಟುಕೊಂಡು ಇಬ್ಬರೂ ಕೂತು ಮಾತಾಡಿ. ಬ್ಯಾಂಕಿಗೂ ಇಬ್ಬರೂ ಹೋಗಿ, ಕಂತು ಮುಂದೂಡಲು ಆಗುತ್ತದಾ ಕೇಳಿ. ರಾತ್ರಿ ಚಿಂತೆ ತಡೆಯಲಾಗದಿದ್ದರೆ ಯಾರೇ ಆಗಲಿ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳೆ ಹೋದ ಸಂಕಟ ನಿಮಗೂ ಇದ್ದೇ ಇದೆ ಅಣ್ಣಾ, ಆ ನಂಬರ್ ನಿಮಗೂ ಇರಲಿ.