ಮರೆವೋ, ದಿಢೀರ್ ಗಲಿಬಿಲಿಯೋ?

ಪ್ರಶ್ನೆ: 76 ವರ್ಷದ ಅಮ್ಮ ಮೂರು ದಿನಗಳಿಂದ ರಾತ್ರಿ ಎದ್ದು ‘ಹಟ್ಟಿಯಲ್ಲಿ ದನ ಬಿಚ್ಚಿಕೊಂಡಿದೆ’ ಎನ್ನುತ್ತಾರೆ. ನಮ್ಮಲ್ಲಿ ದನವೇ ಇಲ್ಲ. ಬೆಳಿಗ್ಗೆ ಸರಿಯಾಗಿರುತ್ತಾರೆ. ಇದು ಮರೆವಿನ ಕಾಯಿಲೆ ಡಿಮೆನ್ಶಿಯಾವೇ, ಖಿನ್ನತೆಯೇ?
– ಓದುಗರು, ಉಡುಪಿ

ಉತ್ತರ: ನೀವು ಬರೆದದ್ದರಲ್ಲಿ ಮುಖ್ಯವಾದದ್ದು ‘ಮೂರು ದಿನ’. ಡಿಮೆನ್ಶಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಮೆಲ್ಲನೆ ಬರುವಂಥದ್ದು. ದಿಢೀರ್ ಶುರುವಾಗಿ ಹೊತ್ತುಹೊತ್ತಿಗೆ ಏರಿಳಿಯುವ ಗಲಿಬಿಲಿ ಹೆಚ್ಚಾಗಿ ಡಿಲೀರಿಯಂ. ಅದರ ಮೂಲ ದೇಹದಲ್ಲಿರುತ್ತದೆ: ಮೂತ್ರದ ಸೋಂಕು, ರಕ್ತದಲ್ಲಿನ ಸೋಡಿಯಂ (ಉಪ್ಪಿನಂಶ) ಇಳಿಕೆ, ನೀರು ಸಾಲದಿರುವುದು, ಮಲಬದ್ಧತೆ, ಹೊಸದಾಗಿ ಶುರುಮಾಡಿದ ಮಾತ್ರೆ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾ, ಬರೀ ತಿಳಿಗಂಜಿಯಲ್ಲೇ ದಿನ ಕಳೆಯುವ ಹಿರಿಯರಲ್ಲಿ ಸೋಡಿಯಂ ಬೇಗ ಇಳಿಯುತ್ತದೆ.

ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ ನೋಡಿ. ಡಿಲೀರಿಯಂನಲ್ಲಿ ಗಮನ ನಿಲ್ಲದೆ ಎರಡು ಮೂರು ದಿನದ ಹೆಸರು ಹೇಳುವಷ್ಟರಲ್ಲೇ ಎಳೆ ತಪ್ಪಬಹುದು. ಖಿನ್ನತೆಯಲ್ಲಿ ಅನೇಕರು ಪ್ರಯತ್ನಿಸದೆಯೇ ‘ಗೊತ್ತಿಲ್ಲ’ ಎಂದುಬಿಡುತ್ತಾರೆ.

ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು. ಸೋಡಿಯಂ, ಸಕ್ಕರೆ, ಮೂತ್ರ ಮೂರರ ಪರೀಕ್ಷೆಯೂ ಬೇಕು. ದಯವಿಟ್ಟು ನೀವಾಗಿಯೇ ನಿದ್ರೆ ಮಾತ್ರೆ ಕೊಡಬೇಡಿ, ಗಲಿಬಿಲಿ ಇನ್ನಷ್ಟು ಕೆರಳುತ್ತದೆ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ.